ಕೇಳಿದವರಿಗಷ್ಟೇ ಕೊಡುವ ಗುಳಿಗೆ

ತುರ್ತು ಗರ್ಭನಿರೋಧಕ ಗುಳಿಗೆಯ ಮಾತೆತ್ತಿದರೆ ವಿಜಯಪುರದಲ್ಲಿ ಎರಡು ಉತ್ತರ ಸಿಗುತ್ತವೆ. ಕಚೇರಿಯ ಮೇಜಿನ ಆಚೆಯಿಂದ ಬರುವುದು ಸಮಾಧಾನದ ಉತ್ತರ: ‘ಗುಳಿಗಿ ನಮ್ಮ ಹತ್ರ ಐತ್ರಿ. ಕೇಳಿದವ್ರಿಗೆ ಕೊಡ್ತೀವಿ. ಕೇಳೋರೇ ಇಲ್ಲ.’ ಊರ ಕಟ್ಟೆಯಿಂದ ಬರುವುದು ಆತಂಕದ ಉತ್ತರ: ‘ಅಂಥಾ ಗುಳಿಗಿ ಮನಿಮನಿಗೆ ಹಂಚಿದ್ರ ಹುಡುಗ್ಯಾರು ಹಾದಿ ತಪ್ತಾರ್ರಿ.’ ಒಂದು ಸರ್ಕಾರಿ ಧಾಟಿಯದು, ಇನ್ನೊಂದು ಸಂಪ್ರದಾಯದ ಧಾಟಿಯದು. ಆದರೆ ಎರಡೂ ಹೋಗಿ ನಿಲ್ಲುವ ಜಾಗ ಒಂದೇ. ಗುಳಿಗೆ ಉಪಕೇಂದ್ರದ ಕಪಾಟಿನಲ್ಲಿ ಅವಧಿ ಮುಗಿಯುವವರೆಗೆ ಕೂತಿರುತ್ತದೆ, ಬೇಕಾದವಳು ಮನೆಯಲ್ಲಿ ಬೆರಳು ಮಡಚಿ ಮುಟ್ಟಿನ ದಿನ ಎಣಿಸುತ್ತಾಳೆ.

ಕಟ್ಟೆಯ ಮಾತನ್ನು ಖಂಡಿಸುವುದು ಸುಲಭ, ಮುಂದೆ ಖಂಡಿಸುತ್ತೇನೆ ಕೂಡ. ಹೆಚ್ಚು ಅಪಾಯಕಾರಿಯಾದದ್ದು ಕಚೇರಿಯ ಮಾತು. ಯಾಕೆಂದರೆ ಅದು ನ್ಯಾಯವಾಗಿ ಕೇಳಿಸುತ್ತದೆ, ಓದಿದವರು, ಒಳ್ಳೆಯವರು, ಹೆಣ್ಣುಮಕ್ಕಳ ಬಗ್ಗೆ ಕಾಳಜಿ ಇರುವ ವೈದ್ಯರು ಕೂಡ ಅದನ್ನೇ ಹೇಳುತ್ತಾರೆ. ಈ ಒಂದು ಔಷಧಿಯ ಮಟ್ಟಿಗೆ, ಕೇಳಿದವರಿಗೆ ಮಾತ್ರ ಕೊಡುವುದೆಂದರೆ ಕೊಡದೇ ಇರುವುದಕ್ಕೆ ಸಮ ಎಂಬುದು ನನ್ನ ವಾದ.

ಮೊದಲು ಕಾಗದದ ಮೇಲೆ ಏನಿದೆ ನೋಡೋಣ. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನಿನ ಈ ಗುಳಿಗೆ ರಾಷ್ಟ್ರೀಯ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿದ್ದು 2002-03ರಲ್ಲಿ. 2005ರಿಂದ ವೈದ್ಯರ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಳ್ಳಬಹುದಾಯಿತು. 2011ರಲ್ಲಿ ಆಶಾ ಕಾರ್ಯಕರ್ತೆಯರು ಗರ್ಭನಿರೋಧಕಗಳನ್ನು ಮನೆಬಾಗಿಲಿಗೆ ಒಯ್ಯುವ ಯೋಜನೆ ಆಯ್ದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷದ ಕೊನೆಗೆ ದೇಶಕ್ಕೆಲ್ಲ ಹಬ್ಬಿತು. ಮೂರು ನಿರೋಧ್‌ಗೆ ಒಂದು ರೂಪಾಯಿ, ಒಂದು ತಿಂಗಳ ಗುಳಿಗೆಗೆ ಒಂದು ರೂಪಾಯಿ, ತುರ್ತು ಗುಳಿಗೆಗೆ ಎರಡು ರೂಪಾಯಿ. ಆ ಚಿಲ್ಲರೆ ಆಶಾಳಿಗೇ. ಉಪಕೇಂದ್ರಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಪುಕ್ಕಟೆ. ಇದೇ ಒಂದೂವರೆ ಮಿಲಿಗ್ರಾಂ ಔಷಧಿಯನ್ನು ಖಾಸಗಿ ಕಂಪನಿಯ ಬಣ್ಣದ ಪೊಟ್ಟಣದಲ್ಲಿ ಕೊಂಡರೆ ನೂರು ರೂಪಾಯಿಯ ಆಸುಪಾಸು ಬೀಳುತ್ತದೆ. 2007ರಲ್ಲಿ ಸಿಪ್ಲಾ ಕಂಪನಿ ಐ-ಪಿಲ್ ಎಂಬ ಹೆಸರಿನಲ್ಲಿ ಅದನ್ನು ಟಿ.ವಿ. ಜಾಹೀರಾತಿನೊಂದಿಗೆ ಮಾರುಕಟ್ಟೆಗೆ ತಂದಿತು, ಮೂರೇ ವರ್ಷದಲ್ಲಿ ಆ ಹೆಸರನ್ನು ಪಿರಾಮಲ್ ಕಂಪನಿಗೆ ಮಾರಿತು. ಜಾಹೀರಾತು ನೋಡಿದವರಿಗೆಲ್ಲ ಕಂಪನಿಯ ಗುಳಿಗೆ ಗೊತ್ತಾಯಿತು. ಸರ್ಕಾರದ ಎರಡು ರೂಪಾಯಿಯ ಗುಳಿಗೆಗೆ ಜಾಹೀರಾತು ಮಾಡುವವರು ಯಾರು? ತಿಕೋಟಾದ ಬಸ್ ನಿಲ್ದಾಣದಲ್ಲಾಗಲಿ ಬಬಲೇಶ್ವರದ ಸಂತೆಯಲ್ಲಾಗಲಿ ನಿಂತು ಹತ್ತು ಹೆಂಗಸರನ್ನು ಕೇಳಿ ನೋಡಿ. ಆಪರೇಷನ್ ಗೊತ್ತು, ವಂಕಿ (ಕಾಪರ್-ಟಿ) ಗೊತ್ತು, ಮಾಲಾ ಗುಳಿಗೆ ಗೊತ್ತು. ಆಶಾಳ ಚೀಲದಲ್ಲಿ ಎರಡು ರೂಪಾಯಿಗೆ ಇಂಥದ್ದೊಂದು ಇದೆ ಎಂದರೆ ಮುಖ ಮುಖ ನೋಡುತ್ತಾರೆ. ಹೆಸರೇ ಕೇಳದ ವಸ್ತುವನ್ನು ಕೇಳಿ ಪಡೆಯುವುದು ಹೇಗೆ?

ಆ ಹೆಸರು ಗೊತ್ತಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಗಡಿಯಾರವೊಂದು ಓಡುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಳಿಗೆ ಇಲ್ಲದಿದ್ದರೆ ಆಗಬಹುದಾಗಿದ್ದ ಗರ್ಭಗಳಲ್ಲಿ, ಮೊದಲ 24 ಗಂಟೆಯೊಳಗೆ ನುಂಗಿದಾಗ ಶೇ 95ರಷ್ಟು ತಪ್ಪಿದವು. ಎರಡನೆಯ ದಿನ ನುಂಗಿದಾಗ ಶೇ 85. ಮೂರನೆಯ ದಿನಕ್ಕೆ ಅದು ಶೇ 58ಕ್ಕೆ ಇಳಿಯಿತು. ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಆದ ದಿನದಿಂದ ಇಂತಿಷ್ಟನೆಯ ದಿನಕ್ಕೆ ಈ ಔಷಧಿ, ಇಂತಿಷ್ಟನೆಯ ದಿನಕ್ಕೆ ಗೊನೆ ಅದ್ದುವುದು ಎಂದು ಗೋಡೆಯ ಮೇಲೆ ಬರೆದಿಟ್ಟು, ಔಷಧಿಯನ್ನು ಮೊದಲೇ ತಂದು ಮನೆಯಲ್ಲಿಟ್ಟುಕೊಳ್ಳುತ್ತಾರೆ. ರೋಗ ಕಂಡ ಮೇಲೆ ವಿಜಯಪುರಕ್ಕೆ ಬಸ್ ಹತ್ತಿದರೆ ತೋಟ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ಅದೇ ಮನೆಯ ಹೆಣ್ಣುಮಗಳಿಗೆ ಮಾತ್ರ, ಆಗುವುದು ಆದ ಮೇಲೆ ಹೋಗಿ ಕೇಳು ಎನ್ನುತ್ತೇವೆ.

ಹೋಗಿ ಕೇಳುವುದು ಎಂದರೆ ಏನು? ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ ತಿಕೋಟಾ, ಬಬಲೇಶ್ವರದ ಕಡೆ ಕೂಲಿ ಹೆಣ್ಣಾಳುಗಳಿಗೆ ಬಿಡುವಿಲ್ಲ. ಬೆಳಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದರೆ ಇಳಿಯುವುದು ಸಂಜೆಗೆ. ಶನಿವಾರ ರಾತ್ರಿ ಗಂಡ ನಿರೋಧ್ ಒಲ್ಲೆ ಎಂದ. ರವಿವಾರ ಉಪಕೇಂದ್ರದ ಬಾಗಿಲು ಹಾಕಿದೆ. ಸೋಮವಾರ ತೋಟಕ್ಕೆ ಹೋಗದಿದ್ದರೆ ಕೂಲಿ ಹೋಗುತ್ತದೆ, ಯಾಕೆ ಬರಲಿಲ್ಲ ಎಂದು ಮುಕಾದಮನಿಗೆ ಹೇಳಬೇಕಾಗುತ್ತದೆ. ಸಂಜೆ ಉಪಕೇಂದ್ರಕ್ಕೆ ಹೋದರೆ ಸಿಸ್ಟರ್ ಲಸಿಕೆ ಕೆಲಸಕ್ಕೆ ಬೇರೆ ಊರಿಗೆ ಹೋಗಿರುತ್ತಾರೆ. ಉಳಿದದ್ದು ಆಶಾ. ನಿಯಮದ ಪ್ರಕಾರ ಆಶಾ ಅದೇ ಊರಿನವಳೇ ಆಗಿರಬೇಕು. ಆ ನಿಯಮ ಒಳ್ಳೆಯದು, ಬಾಣಂತಿಗೂ ಕೂಸಿಗೂ ಅದರಿಂದ ಅನುಕೂಲವಾಗಿದೆ. ಈ ಒಂದು ವಿಷಯದಲ್ಲಿ ಮಾತ್ರ ಅದೇ ಗೋಡೆಯಾಗುತ್ತದೆ. ಆಶಾ ಅಂದರೆ ಗಂಡನ ಕಾಕನ ಸೊಸೆ, ಇಲ್ಲವೇ ಅತ್ತೆಯ ಗೆಳತಿ. ಅವಳ ಮನೆ ಬಾಗಿಲಿಗೆ ಹೋಗಿ ‘ಅಕ್ಕಾ, ಆ ಗುಳಿಗಿ ಕೊಡು’ ಎಂದರೆ ನಿನ್ನೆ ರಾತ್ರಿ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳಿದ ಹಾಗೆಯೇ.

ಈ ಭಾಗದ ಒಬ್ಬ ಆಶಾ ತನ್ನ ಚೀಲ ತೆಗೆದು ತೋರಿಸಿದ್ದು ನೆನಪಿದೆ. ಓಆರ್‌ಎಸ್ ಪೊಟ್ಟಣ, ಕಬ್ಬಿಣಾಂಶದ ಗುಳಿಗೆಯ ಪಟ್ಟಿಗಳು, ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್, ಥರ್ಮಾಮೀಟರು, ಕೂಸಿನ ತೂಕ ಮಾಡುವ ಜೋಳಿಗೆ, ನಿರೋಧ್, ಮತ್ತು ತಳದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದಿಷ್ಟು ತುರ್ತು ಗುಳಿಗೆಯ ಪೊಟ್ಟಣ. ಯಾರಿಗೆ ಕೊಡುತ್ತೀರಿ ಎಂದು ಕೇಳಿದೆ. ‘ನಾನಾಗೆ ಹೆಂಗ ಕೊಡ್ಲಿರಿ ಅಕ್ಕಾರ? ಅತ್ತಿ ಮುಂದ ಕುಂತಿರ್ತಾಳ. ಗುಳಿಗಿ ಹೆಸರ ತಗದ್ರ ನಾಳಿಂದ ಆ ಮನಿ ಹೊಸ್ತಿಲಾ ತುಳಿಯೂದು ಬಂದ್ ಆಕ್ಕೈತಿ. ಅವ್ರು ಬಂದು ಕೇಳಿದ್ರ ಕೊಡ್ತೀನಿ.’ ಸೊಸೆಗೆ ಕೇಳುವ ಬಾಯಿಲ್ಲ, ಆಶಾಳಿಗೆ ಹೇಳುವ ಅಪ್ಪಣೆ ಇಲ್ಲ. ಇಬ್ಬರೂ ಪರಸ್ಪರರ ಮೊದಲ ಮಾತಿಗಾಗಿ ಕಾಯುತ್ತಿದ್ದಾರೆ. ಈ ಮೌನವನ್ನು ಇಲಾಖೆ ‘ಬೇಡಿಕೆ ಇಲ್ಲ’ ಎಂದು ದಾಖಲಿಸಿಕೊಳ್ಳುತ್ತದೆ. ಬೇಡಿಕೆ ಇಲ್ಲದ್ದಕ್ಕೆ ಮುಂದಿನ ಸಲ ಕಡಿಮೆ ತರಿಸುತ್ತಾರೆ. ಇದಕ್ಕೆ ಆಶಾಳನ್ನು ದೂರುವುದು ಅನ್ಯಾಯ. ಬದುಕುವಷ್ಟು ಗೌರವಧನಕ್ಕಾಗಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾದ ಹೆಣ್ಣುಮಗಳ ಹೆಗಲಿಗೆ ಇಡೀ ಊರಿನ ಸಂಕೋಚವನ್ನೂ ಹೊರಿಸಿ, ಧೈರ್ಯ ಮಾಡು ಎನ್ನಲಾಗದು. ಧೈರ್ಯ ಮಾಡಬೇಕಾದದ್ದು ಆದೇಶ ಬರೆಯುವವರು.

ವಿಜಯಪುರ ನಗರದಲ್ಲಿ ಮೆಡಿಕಲ್‌ಗಳಿಗೆ ಕೊರತೆಯಿಲ್ಲ, ಅಲ್ಲಿ ಈ ತೊಂದರೆ ಇಲ್ಲ ಎನ್ನುವವರಿದ್ದಾರೆ. ಗಾಂಧಿ ಚೌಕದ ಸುತ್ತಮುತ್ತ ಸಂಜೆ ಏಳರ ಹೊತ್ತಿಗೆ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಸಾಕು. ಕೌಂಟರಿನ ಆಚೆ ಹುಡುಗರು, ಈಚೆ ಗಂಡಸರ ಗುಂಪು. ಗುಂಪು ಕರಗಲಿ ಎಂದು ಪಕ್ಕದ ಬಳೆ ಅಂಗಡಿಯಲ್ಲಿ ಬೆಲೆ ಕೇಳುತ್ತ ನಿಂತ ಹೆಂಗಸು. ಸರದಿ ಬಂದಾಗ ಫೋನಿನಲ್ಲಿ ಬರೆದು ತೋರಿಸುವುದು, ಹುಡುಗ ಒಳಗಿರುವವನಿಗೆ ಕೂಗಿ ಹೇಳುವುದು, ನಾಲ್ಕು ತಲೆ ತಿರುಗುವುದು. ಕೊಟ್ಟ ಗುಳಿಗೆಯ ಜೊತೆ ಒಂದು ಮಾತೂ ಬರುವುದಿಲ್ಲ. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು, ಮುಂದಿನ ಮುಟ್ಟು ಕೆಲವು ದಿನ ಹಿಂದೆಮುಂದೆ ಆಗಬಹುದು, ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಕೊಳ್ಳಬೇಕು, ಪದೇ ಪದೇ ಬೇಕಾಗುತ್ತಿದ್ದರೆ ಬೇರೆ ವಿಧಾನ ಒಳ್ಳೆಯದು ಎಂದು ಹೇಳುವವರು ಅಲ್ಲಿಲ್ಲ. ಮೂರು ದಿನ ಕಳೆದಿದ್ದರೂ ಐದು ದಿನದೊಳಗೆ ವಂಕಿ ಹಾಕಿಸಿಕೊಂಡರೆ ಗುಳಿಗೆಗಿಂತ ಹೆಚ್ಚು ಖಾತರಿ, ಅದು ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಎಂದು ಹೇಳುವವರೂ ಇಲ್ಲ. ಮಾತಿಲ್ಲದೆ ಗುಳಿಗೆ ಕೊಡುವ ಅಂಗಡಿಗೆ ಹೆಣ್ಣುಮಕ್ಕಳನ್ನು ನೂಕಿ, ಆಮೇಲೆ ‘ತಿಳಿವಳಿಕೆ ಇಲ್ಲದೆ ನುಂಗುತ್ತಾರೆ’ ಎಂದು ಅವರನ್ನೇ ಬೈಯುತ್ತೇವೆ.

ಈಗ ಕಟ್ಟೆಯ ಮಾತಿಗೆ ಬರೋಣ. ಹುಡುಗಿಯರು ಹಾದಿ ತಪ್ಪುತ್ತಾರಂತೆ. ಇದು ಪರೀಕ್ಷಿಸಬಹುದಾದ ಮಾತು, ಪರೀಕ್ಷಿಸಿಯೂ ಆಗಿದೆ, ಅದೂ ದೂರದ ದೇಶದಲ್ಲಷ್ಟೇ ಅಲ್ಲ. ನಮ್ಮಿಂದ ಒಂದು ರಾತ್ರಿಯ ಬಸ್ಸಿನ ದಾರಿಯಾದ ಪುಣೆಯಲ್ಲಿ ನಿರೋಧ್ ಬಳಸುವ ದಂಪತಿಗಳ ನಡುವೆ ನಡೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಹೆಂಗಸರಿಗೆ ತುರ್ತು ಗುಳಿಗೆಯನ್ನು ಮೊದಲೇ ಮನೆಗೆ ಕೊಟ್ಟಿದ್ದರು. ಇನ್ನೊಂದು ಗುಂಪಿಗೆ ಬರೀ ಮಾಹಿತಿ, ಬೇಕಾದಾಗ ಬಂದು ಕೇಳಿ ಎಂದು. ಗುಳಿಗೆ ಕೈಯಲ್ಲಿದ್ದವರು ನಿರೋಧ್ ಬಿಡಲಿಲ್ಲ, ಅಜಾಗರೂಕರೂ ಆಗಲಿಲ್ಲ. ಎಡವಟ್ಟಾದಾಗ ಗುಳಿಗೆ ಬಳಸಿದ್ದು ಮಾತ್ರ ಅವರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಬಂದು ಕೇಳು ಎನ್ನುವುದಕ್ಕೂ ಮೊದಲೇ ಕೈಗಿಡುವುದಕ್ಕೂ ಇರುವ ಅಂತರ ಇಷ್ಟು. ಬೇರೆ ದೇಶಗಳ ಪ್ರಯೋಗಗಳನ್ನೂ ಒಟ್ಟಿಗೆ ನೋಡಿದ ವಿಮರ್ಶೆಗಳು ಇದನ್ನೇ ಹೇಳಿವೆ: ಗುಳಿಗೆ ಸುಲಭವಾಗಿ ಸಿಕ್ಕರೆ ಅಸುರಕ್ಷಿತ ಸಂಬಂಧ ಹೆಚ್ಚುವುದಿಲ್ಲ, ಲೈಂಗಿಕ ರೋಗವೂ ಹೆಚ್ಚುವುದಿಲ್ಲ.

ಅಷ್ಟಕ್ಕೂ ಹಾದಿ ತಪ್ಪುವ ಹುಡುಗಿ ಎಂದು ಕಟ್ಟೆಯವರು ಕಲ್ಪಿಸಿಕೊಳ್ಳುವುದು ಯಾರನ್ನು? ಹಾಸ್ಟೆಲ್ಲಿನಲ್ಲಿರುವ ಕಾಲೇಜು ಹುಡುಗಿಯನ್ನು. ಅವಳಿಗೂ ಗುಳಿಗೆ ಬೇಕಾಗಬಹುದು, ಅದು ಅವಳ ಹಕ್ಕು. ಆದರೆ ಇಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದವಳು ಕೊರಳಲ್ಲಿ ತಾಳಿ ಇರುವವಳು. ಹದಿನೆಂಟು ತುಂಬುವ ಮೊದಲೇ ಮದುವೆಯಾದವರ ಪ್ರಮಾಣ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ ಶೇ 21.3. ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಎಂದ ವಿವಾಹಿತೆಯರು ಅದೇ ಸಮೀಕ್ಷೆಯಲ್ಲಿ ಶೇ 44.4, ದೇಶದಲ್ಲೇ ಅತಿ ಹೆಚ್ಚು. ಹದಿನೆಂಟು ತುಂಬಿದ ಹೆಂಡತಿಯ ಇಚ್ಛೆ ಇಲ್ಲದ ಕೂಟವನ್ನು ನಮ್ಮ ಹೊಸ ನ್ಯಾಯ ಸಂಹಿತೆಯೂ ಅತ್ಯಾಚಾರವೆಂದು ಒಪ್ಪಿಲ್ಲ. ಕಾನೂನು ಕೈಬಿಟ್ಟ ಆ ರಾತ್ರಿಯ ನಂತರ ಅವಳಿಗೆ ಉಳಿದಿರುವುದು ಎಪ್ಪತ್ತೆರಡು ಗಂಟೆ. ಆ ಎಪ್ಪತ್ತೆರಡು ಗಂಟೆಯನ್ನೂ ನೀತಿಯ ಹೆಸರಿನಲ್ಲಿ ಕಿತ್ತುಕೊಳ್ಳುವವರು ಯಾವ ಹಾದಿಯ ಬಗ್ಗೆ ಮಾತಾಡುತ್ತಿದ್ದಾರೆ?

ಇದು ಗರ್ಭಪಾತದ ಗುಳಿಗೆ, ಪಾಪ ಎನ್ನುವವರೂ ಇದ್ದಾರೆ. ಕೂಟವಾದ ಕೂಡಲೇ ಗರ್ಭ ಕಟ್ಟುವುದಿಲ್ಲ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಅಂಡಕ್ಕಾಗಿ ಕಾಯಬಲ್ಲದು. ಈ ಗುಳಿಗೆ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಅಂಡ ಆಗಲೇ ಬಿಡುಗಡೆಯಾಗಿದ್ದರೆ ಇದು ಕೆಲಸ ಮಾಡುವುದಿಲ್ಲ, ಗರ್ಭ ಕಟ್ಟಿದ ಮೇಲಂತೂ ಏನೂ ಮಾಡುವುದಿಲ್ಲ, ಕೂಸಿಗೆ ಹಾನಿಯೂ ಇಲ್ಲ. ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಬೇರೆಯೇ ಔಷಧಿಗಳು. ತುರ್ತು ಗುಳಿಗೆಯನ್ನೂ ಗರ್ಭಪಾತದ ಗುಳಿಗೆಯನ್ನೂ ಒಂದೇ ಎಂದು ತಿಳಿದದ್ದರ ಬೆಲೆಯನ್ನು ಹೆಣ್ಣುಮಕ್ಕಳೇ ತೆರುತ್ತಿದ್ದಾರೆ. ಮೊದಲ ದಿನ ನುಂಗಬೇಕಾದದ್ದನ್ನು ಪಾಪವೆಂದು ಬಿಟ್ಟು, ಎರಡು ತಿಂಗಳಾದ ಮೇಲೆ ಯಾರೋ ತಂದುಕೊಟ್ಟ ಕಿಟ್ ನುಂಗಿ, ರಕ್ತ ನಿಲ್ಲದೆ ಜಿಲ್ಲಾಸ್ಪತ್ರೆಗೆ ಬರುತ್ತಾರೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಆಸ್ಪತ್ರೆಯ ಹೊರಗೆ ಔಷಧಿ ನುಂಗಿ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಗರ್ಭಪಾತವನ್ನು ನಿಜವಾಗಿ ವಿರೋಧಿಸುವವರು ತುರ್ತು ಗುಳಿಗೆಯನ್ನು ಮನೆಮನೆಗೆ ಒಯ್ಯಿರಿ ಎಂದು ಮೊದಲು ದನಿ ಎತ್ತಬೇಕಿತ್ತು.

ಗರ್ಭಕೋಶ ಹಾಳಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಇವೆಲ್ಲಕ್ಕಿಂತ ಆಳವಾದದ್ದು, ಏಕೆಂದರೆ ಅದು ಅವ್ವನ ಬಾಯಿಂದ ಬರುತ್ತದೆ. ಮಕ್ಕಳಾಗದ ಸೊಸೆಯ ಪಾಡು ಕಂಡ ತಾಯಿ ಮಗಳನ್ನು ಹೆದರಿಸುವುದು ಸಹಜ. ಆಕೆಗೆ ಗೌರವದಿಂದಲೇ ಉತ್ತರ ಕೊಡಬೇಕು. ಹೊಟ್ಟೆ ತೊಳಸುವುದು, ತಲೆನೋವು, ಒಂದಿಷ್ಟು ರಕ್ತ ಕಾಣಿಸಿಕೊಳ್ಳುವುದು ಆಗಬಹುದು. ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಹಾಲೂಡಿಸುವ ಬಾಣಂತಿಯೂ ನುಂಗಬಹುದು. ಒಂದಕ್ಕಿಂತ ಹೆಚ್ಚು ಸಲ ನುಂಗಿದರೂ ಅಪಾಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ನಿತ್ಯದ ವಿಧಾನವಾಗಿ ಇದು ಒಳ್ಳೆಯದಲ್ಲ, ಅಂತರ ಇಂಜೆಕ್ಷನ್ನಿಗಿಂತ, ಛಾಯಾ ಗುಳಿಗೆಗಿಂತ, ವಂಕಿಗಿಂತ ಇದರ ಖಾತರಿ ಕಡಿಮೆ. ಆ ಮಾತನ್ನು ಹೇಳಿ ಅವಳನ್ನು ಆ ಕಡೆ ಕರೆದೊಯ್ಯಬಲ್ಲವರು ಯಾರು? ಅಂಗಡಿಯ ಹುಡುಗನಿಗೆ ಆ ಕೆಲಸ ಸಾಧ್ಯವಿಲ್ಲ. ಸರ್ಕಾರಿ ವ್ಯವಸ್ಥೆಯೇ ಈ ಗುಳಿಗೆಯನ್ನು ಮುಂದೆ ನಿಂತು ಕೊಡಬೇಕು ಎನ್ನುವುದಕ್ಕೆ ನನ್ನ ಬಳಿ ಇರುವ ದೊಡ್ಡ ಕಾರಣ ಇದೇ.

ಎದುರು ಪಕ್ಷದ ಬಳಿ ಒಂದು ಗಟ್ಟಿ ವಾದವಿದೆ, ಅದನ್ನು ಮುಚ್ಚಿಡಲಾರೆ. ಗುಳಿಗೆಯನ್ನು ಧಾರಾಳವಾಗಿ ಕೊಟ್ಟ ಕಡೆಗಳಲ್ಲಿ ಬೇಡದ ಗರ್ಭಗಳ ಒಟ್ಟು ಪ್ರಮಾಣ ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಹೌದು, ಕಂಡಿಲ್ಲ. ಗುಳಿಗೆ ಕೈಯಲ್ಲಿದ್ದರೂ ‘ಈ ಸಲ ಏನೂ ಆಗಲಿಕ್ಕಿಲ್ಲ’ ಎಂದು ಬಿಡುವವರೇ ಬಹಳ. ಹಾಗಾದರೆ ಇಲಾಖೆ ಇದಕ್ಕೆ ದುಡ್ಡು ಯಾಕೆ ಹಾಕಬೇಕು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಬುಡದಲ್ಲೇ ನಮ್ಮ ಕುಟುಂಬ ಯೋಜನೆಯ ಹಳೆಯ ರೋಗವಿದೆ. ಜಿಲ್ಲೆಯ ಅಂಕಿಸಂಖ್ಯೆ ಇಳಿದರೆ ಮಾತ್ರ ಔಷಧಿಗೆ ಬೆಲೆ ಎಂಬ ನಂಬಿಕೆ ಅದು. ಹಾವು ಕಚ್ಚಿದ್ದಕ್ಕೆ ಕೊಡುವ ಔಷಧಿ ಇಟ್ಟದ್ದರಿಂದ ಹಾವು ಕಚ್ಚುವ ಪ್ರಕರಣ ಕಡಿಮೆಯಾಯಿತೇ ಎಂದು ಯಾವ ವೈದ್ಯಾಧಿಕಾರಿಯನ್ನೂ ನಾವು ಕೇಳುವುದಿಲ್ಲ. ಆ ಹೆಣ್ಣುಮಗಳ ಆ ಒಂದು ರಾತ್ರಿಗೆ ಆ ಗುಳಿಗೆ ಕೆಲಸ ಮಾಡಿತೇ ಎಂಬುದಷ್ಟೇ ಪ್ರಶ್ನೆ. ಮಾಡುತ್ತದೆ.

ಅಂಕಿಸಂಖ್ಯೆಯ ಆ ರೋಗ ನಮ್ಮನ್ನು ಎಲ್ಲಿಗೆ ತಂದಿದೆ ನೋಡಿ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 57.4ರಷ್ಟು ವಿವಾಹಿತೆಯರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಕಾಲಮ್ಮಿನಲ್ಲಿ 0.0. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಶಸ್ತ್ರಚಿಕಿತ್ಸೆಯಾಯಿತು, ಬಹಳ ಕಡೆ ಬಲವಂತದಿಂದ. ಅದರ ಭಯಕ್ಕೆ ಗಂಡಸರನ್ನು ಕೈಬಿಟ್ಟ ಸರ್ಕಾರಗಳು ಆ ಭಾರವನ್ನೆಲ್ಲ ಹೆಂಗಸರ ಮೇಲೆ ಹಾಕಿದವು. 2014ರಲ್ಲಿ ಬಿಲಾಸಪುರದ ಶಿಬಿರದಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರು ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎನ್ನಬೇಕಾಯಿತು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕುಟುಂಬ ಯೋಜನೆ ಎಂದರೆ ಎರಡು ಹೆತ್ತು ಆಪರೇಷನ್ ಮಾಡಿಸಿಕೊಳ್ಳುವುದು. ಅದಕ್ಕೆ ಮೊದಲಿನ ಐದಾರು ವರ್ಷ, ಹದಿನೇಳರಿಂದ ಇಪ್ಪತ್ತಮೂರರವರೆಗಿನ ಆ ವರ್ಷಗಳು, ಯಾರ ಲೆಕ್ಕದಲ್ಲೂ ಇಲ್ಲ. ಗಂಡಸರ ಹೊಣೆ ತಪ್ಪಿಸುವ ಇನ್ನೊಂದು ಉಪಾಯವಾಗಿ ಈ ಗುಳಿಗೆ ಬರುತ್ತದೆ ಎಂದು ಕೆಲವು ಗೆಳತಿಯರು ಆಕ್ಷೇಪಿಸುತ್ತಾರೆ. ಅವರ ಸಿಟ್ಟು ನನ್ನದೂ ಹೌದು. ಆದರೆ ಗಂಡಸರು ಬದಲಾಗುವವರೆಗೆ ಆ ಸೋಮವಾರ ಬೆಳಗ್ಗೆ ತೋಟಕ್ಕೆ ಹೋಗುವವಳು ಕಾಯಲಾರಳು.

ಇನ್ನು ಪಟ್ಟಿಯಲ್ಲೇ ಇಲ್ಲದವರು. ಕುಟುಂಬ ಯೋಜನೆಯ ಕೆಲಸವೆಲ್ಲ ‘ಅರ್ಹ ದಂಪತಿ’ಗಳ ನೋಂದಣಿ ಪುಸ್ತಕದ ಮೇಲೆ ನಡೆಯುತ್ತದೆ. ಹೆಂಡತಿಗೆ 15ರಿಂದ 49 ವಯಸ್ಸು, ಗಂಡ ಜೊತೆಗಿರಬೇಕು. ಗಂಡ ಬಿಟ್ಟವಳು, ವಿಧವೆ, ಮದುವೆಯಾಗದವಳು ಆ ಪುಸ್ತಕದಲ್ಲಿಲ್ಲ. 1982ರ ನಿಷೇಧ ಕಾಯ್ದೆಯ ನಂತರವೂ ದೇವದಾಸಿ ಪದ್ಧತಿಯ ನೆರಳು ಪೂರ್ತಿ ಸರಿಯದ ಈ ಸೀಮೆಯಲ್ಲಿ, ಮದುವೆಯ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಯಾರಿಗೂ ತಿಳಿಯದ ಹೆಂಗಸರಿದ್ದಾರೆ. ಅವರಿಗೂ ಮುಟ್ಟು ನಿಲ್ಲುತ್ತದೆ. ದೇಶದ ಕಾನೂನು ಈ ನೋಂದಣಿ ಪುಸ್ತಕವನ್ನು ಆಗಲೇ ದಾಟಿ ಮುಂದೆ ಹೋಗಿದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ‘ಗಂಡ’ನ ಜಾಗದಲ್ಲಿ ‘ಸಂಗಾತಿ’ ಬಂದಿದ್ದಾನೆ, 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದು ಎಂದಿದೆ. ಗರ್ಭ ತೆಗೆಸಿಕೊಳ್ಳುವ ಹಕ್ಕು ಇರುವವಳಿಗೆ ಗರ್ಭ ಕಟ್ಟದಂತೆ ತಡೆಯುವ ಎರಡು ರೂಪಾಯಿಯ ಗುಳಿಗೆ ತಾನಾಗಿ ಸಿಗದಿರುವುದಕ್ಕೆ ಯಾವ ಸಮರ್ಥನೆಯಿದೆ?

ಹದಿನೆಂಟರೊಳಗಿನವರ ವಿಷಯ ಇನ್ನಷ್ಟು ಜಟಿಲ. ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಆ ಕಾಯ್ದೆ ಬೇಕು, ಅದನ್ನು ಸಡಿಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ದವಾಖಾನೆಗೆ ಹೋದರೆ ಗಂಡ ಜೈಲಿಗೆ ಹೋಗುತ್ತಾನೆ ಎಂದು ನಂಬಿದ ಹದಿನೇಳರ ಸೊಸೆ ದವಾಖಾನೆಗೆ ಹೋಗುವುದಿಲ್ಲ, ಅಷ್ಟೇ. 2022ರ ಅದೇ ತೀರ್ಪು ಗರ್ಭಪಾತಕ್ಕೆ ಬರುವ ಅಪ್ರಾಪ್ತೆ ಕೋರಿದರೆ ಪೊಲೀಸ್ ವರದಿಯಲ್ಲಿ ಅವಳ ಗುರುತು ಬಿಟ್ಟುಕೊಡಬೇಕಿಲ್ಲ ಎಂದು ದಾರಿ ತೋರಿಸಿದೆ. ಗುಳಿಗೆ ಕೊಡುವಾಗಲೂ ಅಷ್ಟೇ ವಿವೇಕದ ಲಿಖಿತ ಸೂಚನೆ ಬೇಕು. ಅತ್ಯಾಚಾರಕ್ಕೆ ಒಳಗಾಗಿ ಬಂದವಳಿಗಂತೂ ಯಾವ ಗೊಂದಲವೂ ಇಲ್ಲ. 2014ರ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ತುರ್ತು ಗರ್ಭನಿರೋಧಕ ಚಿಕಿತ್ಸೆಯ ಭಾಗ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪುಕ್ಕಟೆಯಾಗಿ, ತಕ್ಷಣ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಅದೇ ಅಪರಾಧ. ಎಫ್‌ಐಆರ್ ಆಗಲಿ ಎಂದು ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುವ ಗಂಟೆಗಳು ಆ ಎಪ್ಪತ್ತೆರಡರಿಂದಲೇ ಕಳೆಯುತ್ತವೆ.

ನಮ್ಮ ಸಂಸ್ಕೃತಿಗೆ ಇದು ಒಗ್ಗದು ಎನ್ನುವವರು ಯಾವ ಸಂಸ್ಕೃತಿಯ ಮಾತಾಡುತ್ತಾರೋ ತಿಳಿಯದು. ಸರ್ಕಾರವೇ ನಡೆಸಿದ ಜಗತ್ತಿನ ಮೊದಲ ಗರ್ಭನಿರೋಧ ಚಿಕಿತ್ಸಾಲಯಗಳೆಂದು ಹೆಸರಾದವು 1930ರಲ್ಲಿ ಮೈಸೂರು ಸಂಸ್ಥಾನದಲ್ಲಿ ತೆರೆದವು. ಬ್ರಿಟಿಷ್ ಇಂಡಿಯಾ ಹಿಂದೇಟು ಹಾಕುತ್ತಿದ್ದಾಗ ಕನ್ನಡ ನಾಡಿನ ಒಂದು ಸರ್ಕಾರ ಆ ಧೈರ್ಯ ಮಾಡಿತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. ಹೆಣ್ಣಿನ ಮುಟ್ಟಿಗೆ, ಹೆರಿಗೆಗೆ ಸೂತಕವಿಲ್ಲ ಎಂದವರು ಶರಣರು. ತೊರವಿಯಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಮುಟ್ಟಿಗೆ ಅಂಜದೆ ಮಾತಾಡಿದವರ ನೆಲದಲ್ಲಿ ಮುಟ್ಟು ತಪ್ಪಿದ ಹೆಣ್ಣಿನ ಬಗ್ಗೆ ಪಿಸುಮಾತಿನಲ್ಲಿ ಮಾತಾಡುತ್ತೇವೆ. ಹೊರಗೆ ನೋಡಿದರೆ, ಫ್ರಾನ್ಸ್ 2023ರಿಂದ ಎಲ್ಲ ವಯಸ್ಸಿನ ಹೆಣ್ಣುಮಕ್ಕಳಿಗೂ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ, ದುಡ್ಡಿಲ್ಲದೆ ಇದನ್ನು ಕೊಡುತ್ತಿದೆ. ಅಷ್ಟು ದೂರ ಬೇಡ, ಪಕ್ಕದ ತಮಿಳುನಾಡು ಎಚ್ಚರಿಕೆಯ ಉದಾಹರಣೆ. ಆರೋಗ್ಯ ಸೇವೆಯಲ್ಲಿ ನಮಗಿಂತ ಎಷ್ಟೋ ಮುಂದಿರುವ ಆ ರಾಜ್ಯದ ಅಂಗಡಿಗಳಲ್ಲಿ ಈ ಗುಳಿಗೆ ವರ್ಷಗಟ್ಟಲೆ ಸಿಗದಂತಾಯಿತು, ನಿಷೇಧಿಸುವ ಯಾವ ಶಾಸನವೂ ಇಲ್ಲದೆ, ಬರೀ ನೀತಿಯ ಗದ್ದಲದಿಂದ.

ಹಾಗಾಗಿ ಬೇಕಾದದ್ದು ಹೊಸ ಯೋಜನೆಯಲ್ಲ, ಇರುವ ಯೋಜನೆಯ ದಿಕ್ಕು ತಿರುಗಿಸುವ ಒಂದು ಆದೇಶ. ಗುಳಿಗೆ ಕೇಳುವ ಕೆಲಸ ಹೆಣ್ಣುಮಗಳದ್ದಾಗಬಾರದು, ಕೊಡುವ ಕೆಲಸ ಇಲಾಖೆಯದ್ದಾಗಬೇಕು. ಹೆರಿಗೆಯಾದ ಮೇಲೆ ಆಶಾ ಹೇಗೂ ನಲವತ್ತೆರಡು ದಿನದೊಳಗೆ ಆರೇಳು ಸಲ ಮನೆಗೆ ಹೋಗುತ್ತಾಳೆ. ಕೊನೆಯ ಭೇಟಿಯಲ್ಲಿ ನಿರೋಧ್ ಜೊತೆ ಎರಡು ತುರ್ತು ಗುಳಿಗೆ, ಕನ್ನಡ ಮತ್ತು ಉರ್ದುವಿನಲ್ಲಿ ದೊಡ್ಡ ಅಕ್ಷರದ ಚೀಟಿ, ಪ್ರತಿ ಬಾಣಂತಿಗೂ ಕೊಡಲೇಬೇಕು ಎಂದು ಬರೆಯಲಿ. ಎಲ್ಲರಿಗೂ ಕೊಟ್ಟರೆ ಯಾರಿಗೂ ನಾಚಿಕೆಯಿಲ್ಲ, ಅತ್ತೆ ಎದುರಿಗೆ ಕುಳಿತಿದ್ದರೂ ‘ಸರ್ಕಾರದ ಆರ್ಡರ್ ಐತ್ರಿ ಅತ್ತೀ’ ಎಂದರೆ ಮುಗಿಯಿತು. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೂ ಹಾಗೆಯೇ. ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೊರಡುವ ಕುಟುಂಬಗಳಿಗೆ ಹೊರಡುವ ಮೊದಲೇ ಕೈಗೆ ಸಿಗಬೇಕು. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿಗೆ ಯಾವ ಆಶಾಳೂ ಬರುವುದಿಲ್ಲ. ಕಾಲೇಜು, ಹಾಸ್ಟೆಲ್ಲುಗಳಿಗೆ ಹದಿಹರೆಯದವರ ಸ್ನೇಹ ಕ್ಲಿನಿಕ್ಕಿನ ಬಾಗಿಲು ಕಾಗದದ ಮೇಲಷ್ಟೇ ತೆರೆದಿದ್ದರೆ ಸಾಲದು.

ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು ಎಂದು 2025ರಲ್ಲಿ ಬೀದಿಗೆ ಇಳಿದ ಊರು ವಿಜಯಪುರ. ಆರೋಗ್ಯ ಮಾರಾಟದ ಸರಕಾಗಬಾರದು ಎಂದ ಜನರಿಗೆ, ಎರಡು ರೂಪಾಯಿಗೆ ಸಿಗಬೇಕಾದದ್ದು ನೂರು ರೂಪಾಯಿಗೆ ಮಾರಾಟವಾಗುವುದು ಯಾಕೆಂದು ಕೇಳುವ ಹಕ್ಕು ಇದ್ದೇ ಇದೆ. ಜಿಲ್ಲಾ ಪಂಚಾಯಿತಿಯ ಮುಂದಿನ ಆರೋಗ್ಯ ಪರಿಶೀಲನಾ ಸಭೆಯಲ್ಲಿ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಪ್ರತಿ ಉಪಕೇಂದ್ರದ ಲೆಕ್ಕ ತರಿಸಲಿ. ಕಳೆದ ವರ್ಷ ಎಷ್ಟು ತುರ್ತು ಗುಳಿಗೆ ಬಂದವು, ಎಷ್ಟು ಹೆಣ್ಣುಮಕ್ಕಳ ಕೈ ಸೇರಿದವು, ಎಷ್ಟು ಅವಧಿ ಮುಗಿದು ಎಸೆಯಲ್ಪಟ್ಟವು ಎಂದು ಸಿಸ್ಟರ್‌ಗಳನ್ನೂ ಆಶಾಗಳನ್ನೂ ಎದುರಿಗೆ ಕೂರಿಸಿಕೊಂಡು ಕೇಳಲಿ, ಮತ್ತು ‘ಕೇಳೋರೇ ಇಲ್ರಿ’ ಎಂಬ ಉತ್ತರವನ್ನು ನಡಾವಳಿಯಲ್ಲಿ ಬರೆದುಕೊಳ್ಳದಿರಲಿ.